ಗದಗಿನ ನೊಣ, ಅಂಕೋಲೆಯ ಮೀನು

ಮೀನು ಹಿಡಿಯಲು ಬೇಕಾದ ಅರ್ಹತೆಗಳಲ್ಲಿ ನನ್ನ ಬಳಿ ಒಂದೂ ಇರಲಿಲ್ಲ. ಈಜು ಬರುತ್ತಿರಲಿಲ್ಲ. ಸಮುದ್ರ ನೋಡಿರಲಿಲ್ಲ. ಯಾರಾದರೂ ಮೀನಿನ ಹೆಸರೆತ್ತಿದರೆ ನಮ್ಮವ್ವ ಎದ್ದು ಹೋಗಿ ಬಾಯಿ ಮುಕ್ಕಳಿಸಿ ಬರುತ್ತಿದ್ದಳು. ಅಂಥ ಮನೆತನ ನಮ್ಮದು. ಹೀಗಿದ್ದೂ ಗದಗಿನಿಂದ ಅಂಕೋಲೆಗೆ ಹೊರಟ ಮತ್ಸ್ಯ ದಂಡಯಾತ್ರೆಗೆ ನಾನೇ ಮುಂದಾಳಾದೆ ಎಂದರೆ, ಅದಕ್ಕೆ ಕರ್ನಾಟಕದ ಏಕೀಕರಣವೇ ಕಾರಣ.

ಏಕೀಕರಣವಾಗಲಿ ಎಂದು ನಾನೂ ಮೆರವಣಿಗೆಯಲ್ಲಿ ಗಂಟಲು ಹರಿಯುವಂತೆ ಕೂಗಿದವನೇ. ಆದರೆ ನಾಡು ಒಂದಾದರೆ ಅದರ ಗುಮಾಸ್ತರೂ ಒಂದಾಗುತ್ತಾರೆ, ಆಮೇಲೆ ಅವರನ್ನು ಎತ್ತಿ ಎಲ್ಲಿ ಬೇಕಾದರೂ ಇಡಬಹುದು ಎಂಬುದು ಕೂಗುವಾಗ ಹೊಳೆದಿರಲಿಲ್ಲ. ಮುಂಬಯಿ ಸರಕಾರ ಹೋಗಿ ಮೈಸೂರು ಸರಕಾರ ಬಂದದ್ದೇ ತಡ, ನಮ್ಮ ಕಚೇರಿಯಲ್ಲಿ ದಿನಕ್ಕೊಂದು ಖಬರ ಹುಟ್ಟತೊಡಗಿತು.

"ನಮ್ಮವರನ್ನೆಲ್ಲಾ ಚಾಮರಾಜನಗರಕ್ಕ ವರ್ಗಾ ಮಾಡ್ತಾರಂತ!"

"ಅಲ್ಲಿ ಜ್ವಾಳಾನಽ ಬೆಳಿಯೂದಿಲ್ಲಂತ. ಹೊತ್ತೊತ್ತಿಗೆ ರಾಗಿ ಮುದ್ದಿ ನುಂಗಬೇಕಂತ. ಅಗಿಯೂ ಹಂಗಿಲ್ಲಂತ!"

ಈ ಖಬರನ್ನು ನಾನು ಮನೆಯಲ್ಲಿ ಹೇಳಬಾರದಿತ್ತು. ನನ್ನ ಹೆಂಡತಿ ನೀಲವ್ವ ಬೆಟಗೇರಿಯ ನೇಕಾರರ ಮನೆಯ ಮಗಳು. ತವರಿನ ಮಗ್ಗದ ಸಪ್ಪಳ ಕೇಳದಿದ್ದರೆ ಅವಳಿಗೆ ನಿದ್ದೆ ಬರುವುದಿಲ್ಲ. ಅವಳು ಶಾಂತವಾಗಿಯೇ ತೀರ್ಪು ಕೊಟ್ಟಳು:

"ರೊಟ್ಟಿ ಸಿಗಲಾರದ ಊರಿಗೆ ನಾ ಬರಂಗಿಲ್ಲ. ನೀವಽ ಹೋಗ್ರಿ. ನಾ ನಮ್ಮವ್ವನ ಮನ್ಯಾಗ ಇರ್ತೀನಿ."

ಅಂದರೆ, ನಾಡು ಒಂದಾಗಿ ನನ್ನ ಸಂಸಾರ ಎರಡಾಗುವ ಪ್ರಸಂಗ!

ಅಂಥ ಹೊತ್ತಿನಲ್ಲಿ ನಮ್ಮ ಕಚೇರಿಗೆ ಮೈಸೂರ ಕಡೆಯಿಂದ ಹೊಸ ಸಾಹೇಬರು ಬಂದರು. ರಂಗಸ್ವಾಮಯ್ಯನವರು ಎಂದು ಹೆಸರು. ದುಂಡಗಿನ ಮೈ, ದುಂಡಗಿನ ಕನ್ನಡಕ, ಏನನ್ನು ಕಂಡರೂ ಸಂತೋಷಪಡುವ ಸ್ವಭಾವ. ಒಂದು ಸಂಜೆ ನಾನು ಕಾಗದಪತ್ರ ಹೊತ್ತು ಅವರ ಮನೆಗೆ ಹೋದಾಗ ಮೂಲೆಯಲ್ಲಿ ಉದ್ದನೆಯ, ನಯವಾದ, ತೆಳ್ಳನೆಯ ಕೋಲೊಂದು ಕಂಡಿತು.

"ಧ್ವಜದ ಕೋಲೇನ್ರಿ ಸರ್?" ಎಂದೆ, ದೇಶಭಕ್ತಿಯಿಂದ.

"ಅಲ್ಲ ಕಣ್ರೀ, ಮೀನು ಹಿಡಿಯೋ ಕೋಲು! ಚಿಕ್ಕಮಗಳೂರಲ್ಲಿ ಇದ್ದಾಗ, ಊರು ಬಿಟ್ಟು ಹೊರಟ ಕಾಫಿ ತೋಟದ ಬಿಳಿ ದೊರೆಯೊಬ್ಬರು ಕೊಟ್ಟುಹೋದರು. ಸ್ವಾತಂತ್ರ್ಯದಿಂದ ನನಗೆ ಖುದ್ದಾಗಿ ಬಂದಿದ್ದು ಇದೊಂದೇ." ಸಾಹೇಬರು ಕೋಲನ್ನು ಸವರಿದರು. "ಈಗ ಹೇಳಿ, ಏಕೀಕರಣದಿಂದ ನಮ್ಮ ಮೈಸೂರಿಗೆ ಏನು ಬಂತು?"

"ನಾವು ಬಂದ್ವಿರಿ ಸರ್."

"ನೀವು ಬಂದ್ರಿ, ಸರಿ. ಸಮುದ್ರ ಬಂತು ಕಣ್ರೀ, ಸಮುದ್ರ! ನಮಗೆ ಎಂದೂ ಸಮುದ್ರಾನೇ ಇರಲಿಲ್ಲ. ಅಂಕೋಲೆ ಹತ್ರ ಹೊಳೆ ಸಮುದ್ರ ಸೇರೋ ಕಡೆ ಜೌಗು ನೆಲ ಇದೆಯಂತೆ. ಅಲ್ಲಿಗೆ ಭಾರೀ ಕೆಂಪು ಮೀನು ಬರುತ್ತಂತೆ. ಈ ಕಡೆ ಯಾರಿಗಾದ್ರೂ ಫ್ಲೈ ಫಿಶಿಂಗ್ ಗೊತ್ತಾ?"

ನನ್ನ ಕಣ್ಣೆದುರು ರಾಗಿ ಮುದ್ದೆಯೊಂದು ಉರುಳಿ ಬಂದು ನಿಂತಿತು.

"ನನಗ ಗೊತ್ತೈತ್ರಿ ಸರ್! ಸಮುದ್ರ ಅಂದ್ರ ನನಗ ಪ್ರಾಣರಿ!"

ಸಾಹೇಬರು ಕುರ್ಚಿಯಿಂದ ಎದ್ದೇಬಿಟ್ಟರು. "ಹಾಗಾದ್ರೆ ಹೊರಡೋಣ! ಒಂದೇ ಕಷ್ಟ. ನನ್ನ ಹತ್ರ ಇರೋ ಫ್ಲೈಗಳನ್ನ ಹುಳ ತಿಂದುಬಿಟ್ಟಿದೆ. ಹೊಸವು ಬೇಕು."

ಫ್ಲೈ ಎಂದರೆ ನೊಣ. ಮ್ಯಾಟ್ರಿಕ್ ಪಾಸಾದವನು ನಾನು, ಅಷ್ಟು ಇಂಗ್ಲಿಷು ಬರುತ್ತದೆ.

"ಅದರ ಚಿಂತೀನಽ ಬಿಡ್ರಿ ಸರ್. ನಮ್ಮ ಗದಗಿನ್ಯಾಗ ಬೇಕಾದಷ್ಟು ಸಿಗ್ತಾವ."

"ಗದಗಿನಲ್ಲಿ? ಯಾರು ಮಾಡ್ತಾರೆ?"

"ಯಾರೂ ಮಾಡೂದಿಲ್ರಿ. ತಾವಽ ಆಗ್ತಾವ."

ಇದನ್ನು ಅವರು ನನ್ನ ವಿನಯವೆಂದು ತಿಳಿದು ಬೆನ್ನು ತಟ್ಟಿದರು. "ಹಸಿರು ಬಣ್ಣದ್ದು ಸಿಕ್ಕರೆ ಇನ್ನೂ ಒಳ್ಳೇದು."

"ಹಸರೂ ಇರ್ತಾವ್ರಿ ಸರ್," ಎಂದೆ ಸ್ವಲ್ಪ ತಡವರಿಸಿ, "ಆದ್ರ ಅವು ಕುಂಡ್ರೂ ಜಾಗಾ ಭಾಳ ಚಲೋ ಇರೂದಿಲ್ಲ."

ಮರುದಿನದಿಂದಲೇ ನೊಣ ಸಂಗ್ರಹ ಶುರುವಾಯಿತು. ಮುಂಡರಗಿಯ ಕಡೆಯ ಅಂದಾನಪ್ಪ ಗದಗಿನಲ್ಲಿ ಬೆಲ್ಲದ ಅಂಗಡಿ ಇಟ್ಟಿದ್ದ. ನನ್ನ ಸಣ್ಣಂದಿನ ಗೆಳೆಯ. ಹೊಸ ಸರಕಾರದ ಹೊಸ ಸಾಹೇಬರ ಪರಿಚಯವಾಗುತ್ತದೆಂದು ಅವನು ತನ್ನ ಹಳೆಯ ಕರಿ ಮೋಟಾರನ್ನು ಕೊಡಲು ಒಪ್ಪಿದ. ಜೊತೆಗೆ ಅಂಗಡಿಯ ನೊಣಗಳನ್ನೂ! ನಾನು ಎಣ್ಣೆಯ ಖಾಲಿ ಡಬ್ಬಿಯಲ್ಲಿ ಬೆಲ್ಲದ ಪುಡಿ ಉದುರಿಸಿ ಇಡುವುದು, ನೊಣ ತುಂಬಿದೊಡನೆ ಬಾಯಿಗೆ ಅರಿವೆ ಎಳೆಯುವುದು. ಗಿರಾಕಿಗಳು ಬೆಲ್ಲ ಕೊಳ್ಳುವುದು ಬಿಟ್ಟು ನನ್ನನ್ನೇ ನೋಡುತ್ತ ನಿಲ್ಲುತ್ತಿದ್ದರು.

"ಮನ್ಯಾಗಿನ ನೊಣಾ ಓಡಸ್ರಿ ಅಂತ ಲಗ್ನಾದಾಗಿಂದ ಹೇಳಾಕತ್ತೀನಿ," ಎಂದಳು ನೀಲವ್ವ, "ಒಂದರೆ ದಿನಾ ಕೈ ಎತ್ತಲಿಲ್ಲ. ಈಗ ಬೆಲ್ಲಾ ಹಾಕಿ ಸಾಕಾಕತ್ತೀರಲ್ಲ!"

"ಇದು ಸರಕಾರಿ ಕೆಲಸ."

"ಡಬ್ಬಿಗೆ ಕಟ್ಟಿದ ಅರಿವಿ ಎಲ್ಲೀದ್ರಿ?"

"ಹಳೇ ಸೀರಿ ಇತ್ತಲ್ಲ..."

ಅದು ಹಳೆಯದಾಗಿರಲಿಲ್ಲ. ಅವಳಣ್ಣ ತಾನೇ ಕುಳಿತು ನೇಯ್ದುಕೊಟ್ಟ ಸೀರೆ. ಅವಳು ಇನ್ನೂ ಘಳಿಗೆ ಮುರಿದಿರಲಿಲ್ಲ, ಒಮ್ಮೆಯೂ ಉಟ್ಟಿರಲಿಲ್ಲ! ಆದರೂ ನಾನು ಹೊರಡುವಾಗ ರೊಟ್ಟಿ, ಶೇಂಗಾ ಚಟ್ನಿಯ ಗಂಟು ಕಟ್ಟಿಕೊಟ್ಟಳು. ಚಟ್ನಿಯಲ್ಲಿ ಖಾರ ಎಂದಿಗಿಂತ ಹೆಚ್ಚಿತ್ತು.

ಹೊರಟವರು ನಾಲ್ವರು. ಮೋಟಾರು ನಡೆಸಲು ಅಂದಾನಪ್ಪ, ಪಕ್ಕದಲ್ಲಿ ಕೋಲು ಹಿಡಿದ ಸಾಹೇಬರು, ಹಿಂದೆ ನೊಣದ ಡಬ್ಬಿ ಹಿಡಿದ ನಾನು, ರೊಟ್ಟಿ ಗಂಟು ಹಿಡಿದ ಶಿರಹಟ್ಟಿಯ ಫಕೀರಪ್ಪ. ಫಕೀರಪ್ಪ ನಮ್ಮ ಕಚೇರಿಯ ಸಿಪಾಯಿ. ಒಮ್ಮೆ ಹೇಳಿದ ಕೆಲಸವನ್ನು, ಸಾಕು ಎನ್ನುವವರೆಗೆ ಬಿಡುವ ಮನುಷ್ಯನಲ್ಲ.

ಹುಬ್ಬಳ್ಳಿ ದಾಟಿ, ಯಲ್ಲಾಪುರ ದಾಟಿ, ಅರಬೈಲು ಘಟ್ಟಕ್ಕೆ ಬರುವವರೆಗೆ ಎಲ್ಲ ಸುಸೂತ್ರವಾಗಿತ್ತು. ಗದಗಿನ ಮೋಟಾರು ಅದು. ಹುಟ್ಟಿದಾಗಿನಿಂದ ನೇರ ರಸ್ತೆಯನ್ನೇ ಕಂಡದ್ದು. ಘಟ್ಟದ ತಿರುವು ನೋಡಿ ಅಂದಾನಪ್ಪ ಸ್ಟಿಯರಿಂಗ್ ಚಕ್ರವನ್ನು ಪೂರ್ತಿ ತಿರುಗಿಸಿದ. ಮೋಟಾರು ಎಡಕ್ಕೆ ಹೋಯಿತು, ನಾನು ಬಲಕ್ಕೆ ಹೋದೆ, ಫಕೀರಪ್ಪ ನನ್ನ ಮೇಲೆ ಬಂದ. ಡಬ್ಬಿ ಉರುಳಿತು. ನೀಲವ್ವನ ಸೀರೆ ಬಿಚ್ಚಿತು.

ಮುಚ್ಚಿದ ಡಬ್ಬಿಯೊಳಗೆ ಘಂಟೆಗಟ್ಟಲೆ ಕುಲುಕಿಸಿಕೊಂಡು ಬಂದ ನೊಣಗಳ ಸಿಟ್ಟು ಎಂಥದೆಂದು ನಿಮಗೆ ಗೊತ್ತಿರಲಾರದು. ಮೋಟಾರಿನೊಳಗೆ ಕತ್ತಲಾಯಿತು. ಅಂದಾನಪ್ಪನ ಮೂಗಿಗೆ, ಬಾಯಿಗೆ, ಸಾಹೇಬರ ಕನ್ನಡಕಕ್ಕೆ ಒಳಗಿನಿಂದಲೂ ಹೊರಗಿನಿಂದಲೂ ನೊಣ! ಅಂದಾನಪ್ಪ ಚಕ್ರ ಬಿಟ್ಟು ಎರಡೂ ಕೈಯಿಂದ ಮುಖ ಬಡಿದುಕೊಂಡ. ಮೋಟಾರು ತನಗೆ ತಿಳಿದಂತೆ ಹೋಗಿ ಗುಡ್ಡದ ಮಣ್ಣಿಗೆ ಮೂತಿ ಒತ್ತಿ ನಿಂತಿತು. ಇನ್ನೊಂದು ಬದಿಗೆ ಹೋಗಿದ್ದರೆ ಈ ಕಥೆ ಹೇಳಲು ನಾನು ಇರುತ್ತಿರಲಿಲ್ಲ.

ನಾಲ್ವರೂ ಹೊರಗೆ ಬಿದ್ದೆವು.

"ಏನ್ರೀ ಇದೆಲ್ಲಾ?" ಎಂದರು ಸಾಹೇಬರು.

"ಫ್ಲೈ ಸರ್."

ಸಾಹೇಬರು ನನ್ನನ್ನು ನೋಡಿದರು. ನೊಣ ನೋಡಿದರು. ಆಮೇಲೆ ಕಿಸೆಯಿಂದ ಪುಟ್ಟ ಪೆಟ್ಟಿಗೆ ತೆಗೆದು ತೋರಿಸಿದರು. ಒಳಗೆ ಸಣ್ಣ ಗಾಳ. ಅದಕ್ಕೆ ದಾರದಿಂದ ಸುತ್ತಿದ, ಹುಳ ತಿಂದು ಉಳಿದ ಹಕ್ಕಿಯ ಗರಿ. ನೊಣವೆಂದು ಮೀನು ಮೋಸ ಹೋಗಲಿ ಎಂದು ಮಾಡಿದ್ದು.

"ಇದು ಫ್ಲೈ," ಎಂದರು ಮೆಲ್ಲಗೆ.

ಮುಗಿಯಿತು, ಇನ್ನು ಮುದ್ದೆಯೇ ಗತಿ ಎಂದುಕೊಂಡೆ. ಆದರೆ ಸಾಹೇಬರು ನನ್ನ ಎರಡೂ ಕೈ ಹಿಡಿದುಕೊಂಡರು. "ಜೀವಂತ ಫ್ಲೈ! ಎಂಥ ಯೋಚನೆ ಕಣ್ರೀ! ಆ ದೊರೆಗೂ ಹೊಳೆದಿರಲಿಲ್ಲ!" ಎಂದು ಕಣ್ಣು ತುಂಬಿಕೊಂಡರು. ಕಣ್ಣಿನಲ್ಲಿ ನೊಣವೂ ಇತ್ತು.

ಮೋಟಾರನ್ನು ಹಿಂದಕ್ಕೆ ದಬ್ಬಿ ಘಟ್ಟ ಇಳಿದೆವು. ಮರುದಿನ ಬೆಳಿಗ್ಗೆ ಅಂಕೋಲೆಯ ಆಚೆ ಗಂಗಾವಳಿ ಹೊಳೆ ಸಮುದ್ರ ಸೇರುವಲ್ಲಿ ನಾವು ಕಂಡದ್ದು ಕೆಸರು, ಜೊಂಡು, ನಡುನಡುವೆ ನೀರಿನ ಕಾಲುವೆ. ನಾನು ಸಮುದ್ರ ತಜ್ಞನಲ್ಲವೇ! ಕೈ ಹಿಂದೆ ಕಟ್ಟಿಕೊಂಡು ನೀರನ್ನು ಪರೀಕ್ಷಿಸಿದೆ. ನೀರು ಇಳಿಯುತ್ತಿತ್ತು. ಸಿಂಗಟಾಲೂರಿನಲ್ಲಿ ತುಂಗಭದ್ರೆ ಬೇಸಿಗೆಗೆ ಇಳಿಯುವುದನ್ನು ನಾನು ಕಂಡಿದ್ದೆ. ಒಮ್ಮೆ ಇಳಿದರೆ ಮಳೆಗಾಲದವರೆಗೆ ಮೇಲೇರುವುದಿಲ್ಲ.

"ಹೊಳಿ ಬತ್ತೇತ್ರಿ ಸರ್. ಇನ್ನ ಮುಂಗಾರಿಗೇ ನೀರು ಬರೂದು. ನಡುವಿನ ದಿಬ್ಬಕ್ಕ ಆರಾಮ ಹೋಗೂಣ ನಡೀರಿ."

ನಡೆದೆವು. ದಿಬ್ಬದ ಮೇಲೆ ನಿಂತು ಸಾಹೇಬರು ಆ ಗರಿಯ ಗಾಳ ಕಟ್ಟಿದ ಕೋಲು ಬೀಸಿದರು. ಹಿಂದಕ್ಕೊಮ್ಮೆ, ಮುಂದಕ್ಕೊಮ್ಮೆ, ದಾರ ಗಾಳಿಯಲ್ಲಿ ಬಳುಕುತ್ತ ಹೋಗಿ ನೀರ ಮೇಲೆ ಕೂತಿತು. ನೋಡಲು ಬಲು ಚಂದ. ಮೀನು ಮಾತ್ರ ಬರಲಿಲ್ಲ. ಬಿಸಿಲು ನೆತ್ತಿಗೇರಿದ ಮೇಲೆ ಅವರು ಕೋಲನ್ನು ನನ್ನ ಕೈಗಿಟ್ಟು, "ಇನ್ನು ನೀವು ತೋರಿಸಿ" ಎಂದರು.

ನಾನು ಧೋತರ ಎತ್ತಿ ಕಟ್ಟಿ, ದೇವರನ್ನು ನೆನೆದು, ಕೋಲನ್ನು ಹಿಂದಕ್ಕೆ ಬೀಸಿದೆ. ಗಾಳ ಅಂದಾನಪ್ಪ ತಲೆಗೆ ಸುತ್ತಿದ್ದ ಪಟಕಾಕ್ಕೆ ಸಿಕ್ಕಿತು. ನನಗೆ ಅದು ಗೊತ್ತಾಗಲಿಲ್ಲ. ಇದ್ದ ಬಲವನ್ನೆಲ್ಲ ಹಾಕಿ ಮುಂದಕ್ಕೆ ಬೀಸಿದೆ!

ಗುಲಾಲಿ ಬಣ್ಣದ ಪಟಕಾ ಸುತ್ತು ಸುತ್ತಾಗಿ ಬಿಚ್ಚುತ್ತ, ಸಾಹೇಬರ ತಲೆಯ ಮೇಲಿಂದ ಹಾರಿ, ಕಾಲುವೆಯ ನಡುವೆ ಬಿತ್ತು. ಇನ್ನೊಂದು ತುದಿಯನ್ನು ಅಂದಾನಪ್ಪ ಗಟ್ಟಿಯಾಗಿ ಹಿಡಿದುಕೊಂಡ.

"ಲೇ, ಇದು ಲಗ್ನದ ಪಟಕಾ ಲೇ!" ಎಂದು ಒದರುತ್ತ ಎಳೆಯತೊಡಗಿದವನು ಅಲ್ಲೇ ನಿಂತ. ಮುಖ ಬಿಳಿಚಿತು. "ಸಾಹೇಬ್ರ... ಆ ಕಡೆಯಿಂದ ಯಾರೋ ಜಗ್ಗಾಕತ್ತಾರ್ರಿ!"

"ಮೀನು! ಮೀನು! ಬಿಡಬೇಡಿ!" ಸಾಹೇಬರು ಕುಣಿದರು.

ಅಂದಾನಪ್ಪ ಎಳೆದ, ಅವನನ್ನು ಫಕೀರಪ್ಪ ಒಂದು ಕೈಯಿಂದ ಎಳೆದ. ಇನ್ನೊಂದು ಕೈಯಲ್ಲಿ ರೊಟ್ಟಿ ಗಂಟಿತ್ತು. ಕಡೆಗೆ ಪಟಕಾದ ತುದಿಯಲ್ಲಿ ಕೆಸರಿಗೆ ಬಂದು ಬಿತ್ತು, ಕೆಂಪನೆಯ, ಮೊಣಕೈಯುದ್ದದ ಮೀನು! ನಾವು ನಾಲ್ವರೂ ಏಕಕಾಲಕ್ಕೆ ಹಿಂದೆ ಸರಿದೆವು.

"ಹಿಡೀರಿ," ಎಂದರು ಸಾಹೇಬರು.

"ನಾವು ಮುಟ್ಟೂದಿಲ್ರಿ ಸರ್. ನೀವು ಹಿಡೀರಿ."

"ನಾನೂ ಮುಟ್ಟೋದಿಲ್ಲ ಕಣ್ರೀ!"

"ಹಂಗಾರ ಇಷ್ಟು ದಿನಾ ಹಿಡದಿದ್ದನ್ನ ಏನ್ ಮಾಡ್ತಿದ್ರಿ?"

ಸಾಹೇಬರು ತಲೆ ತಗ್ಗಿಸಿದರು. "ಇದುವರೆಗೆ ಒಂದೂ ಬಿದ್ದಿರಲಿಲ್ಲ."

ಪಾಪದ ಜೀವ ಬಾಯಿ ಬಾಯಿ ಬಿಡುತ್ತಿತ್ತು. ಬಿಟ್ಟುಬಿಡಬೇಕೆಂದು ಸಭೆ ಒಮ್ಮತದಿಂದ ನಿರ್ಣಯಿಸಿತು. ಬಿಡುವ ಗೌರವವನ್ನು ತಜ್ಞನಾದ ನನಗೇ ಕೊಟ್ಟಿತು. ಎರಡು ಹೆಜ್ಜೆ ಇಟ್ಟೆ. ಕೆಸರು ಮೊಣಕಾಲಿಗೆ ಬಂತು. ಇನ್ನೊಂದು ಇಟ್ಟೆ, ತೊಡೆಗೆ ಬಂತು. ಕಣ್ಣು ಮುಚ್ಚಿ ಮೀನನ್ನು ಹಿಡಿದೆ. ಅದು ಬಾಲ ಎತ್ತಿ ನನ್ನ ಕಪಾಳಕ್ಕೆ ಕೊಟ್ಟಿತು. ನಮ್ಮ ಮಾಸ್ತರರ ಕೈಯಲ್ಲೂ ಅಂಥ ಏಟು ತಿಂದಿರಲಿಲ್ಲ! ಗಾಳ ಕಳಚಿತು, ಮೀನು ಹೋಯಿತು. ನೀರು ಸೆಳೆದ ರಭಸಕ್ಕೆ ಪಟಕಾವೂ ಅದರ ಹಿಂದೆ ಹೋಯಿತು.

ನೀರು ಸೆಳೆಯಿತೇ? ಬತ್ತಿದ ಹೊಳೆ ಸೆಳೆಯುವುದು ಹೇಗೆ? ಆಗ ಸುತ್ತ ನೋಡಿದೆವು. ನಾವು ನಡೆದು ಬಂದ ದಾರಿಯೇ ಇರಲಿಲ್ಲ. ನಾಲ್ಕೂ ಕಡೆ ನೀರು!

"ಮುಂಗಾರು ಬಂತೇನ್ರಿ?" ಎಂದ ಅಂದಾನಪ್ಪ, ಬೋಳುತಲೆಯನ್ನು ಆಕಾಶಕ್ಕೆತ್ತಿ.

ಸಮುದ್ರದ ನೀರು ದಿನದಿನವೂ ಇಳಿದು ಏರುತ್ತದೆಂದು ನಮ್ಮ ಗದಗಿನಲ್ಲಿ ಯಾರೂ ಹೇಳಿರಲಿಲ್ಲ. ನೀರು ಸಾಹೇಬರ ಮೊಣಕಾಲಿಗೆ ಬಂತು, ನಡುವಿಗೆ ಬಂತು. ಕೆಸರಿನಲ್ಲಿ ನಾಟಿದ್ದ ನನಗೆ ಎದೆಗೇ ಬಂತು. ನನಗೆ ನಿಜವಾಗಿಯೂ ಅಳು ಬಂತು. ನೀಲವ್ವ ನೆನಪಾದಳು, ಅವಳ ಸೀರೆ ನೆನಪಾಯಿತು.

"ಫಕೀರಪ್ಪಾ, ಏನ್ ಮಾಡೂದೋ?"

"ಚಿಂತಿ ಬ್ಯಾಡ್ರಿ," ಎಂದ ಫಕೀರಪ್ಪ, "ರೊಟ್ಟಿ ತಲಿ ಮ್ಯಾಲ ಅದಾವ."

ಅಷ್ಟರಲ್ಲಿ ಚಿಪ್ಪಿ ಆರಿಸಿ ತಿರುಗಿ ಹೊರಟಿದ್ದ ಹೆಂಗಸರ ದೋಣಿಯೊಂದು ಕಂಡಿತು. ನಾಲ್ವರೂ ಕೂಗಿದೆವು. ಏಕೀಕರಣಕ್ಕೂ ನಾನು ಹಾಗೆ ಕೂಗಿರಲಿಲ್ಲ.

"ಹೌದ್ರಾ, ನೀರು ಏರೂ ಹೊತ್ತಿಗೆ ಇಲ್ಲೆಂತಕ್ಕೆ ನಿಂತ್ಕಂಡ್ರಿ?" ಎಂದಳು ಹುಟ್ಟು ಹಾಕುತ್ತಿದ್ದ ಹೆಂಗಸು.

"ಮೀನು ಹಿಡಿಯೋಕೆ ಕಣಮ್ಮಾ!" ಎಂದರು ಸಾಹೇಬರು.

"ಸಿಕ್ತಾ?"

"ಸಿಕ್ತು. ಬಿಟ್ಟುಬಿಟ್ವಿ!"

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ಹುಚ್ಚರನ್ನು ಹತ್ತಿಸಿಕೊಳ್ಳುವಂತೆ ಬಲು ಜೋಪಾನವಾಗಿ ಒಬ್ಬೊಬ್ಬರನ್ನೇ ಹತ್ತಿಸಿಕೊಂಡರು. ನನ್ನನ್ನು ಮೂವರು ಸೇರಿ ಕೆಸರಿನಿಂದ ಕಿತ್ತರು. ನಾನು ಬಂದೆ, ಧೋತರ ಬರಲಿಲ್ಲ. ದಡದವರೆಗೂ ಚಿಪ್ಪಿಯ ಬುಟ್ಟಿಯೊಂದನ್ನು ತೊಡೆಯ ಮೇಲಿಟ್ಟುಕೊಂಡು, ಗಂಭೀರವಾಗಿ ದಿಗಂತವನ್ನು ನೋಡುತ್ತ ಕುಳಿತೆ. ಇದನ್ನು ಸಾಹೇಬರು ಸಮುದ್ರ ಪ್ರೇಮವೆಂದು ತಿಳಿದರು.

ಗದಗಿಗೆ ಮರಳಿ ಕೆಲ ದಿನಗಳಾಗಿದ್ದವು. ಸಾಹೇಬರು ಕಚೇರಿಯವರನ್ನೆಲ್ಲ ಸೇರಿಸಿ ನನ್ನ ಹೆಗಲ ಮೇಲೆ ಕೈಯಿಟ್ಟರು.

"ಇವರನ್ನ ಚಾಮರಾಜನಗರಕ್ಕೆ ಹಾಕಿದ್ರು. ನಾನು ಸುಮ್ಮನಿರ್ತೀನಾ? ಮೇಲಿನವರ ಹತ್ರ ಖುದ್ದಾಗಿ ಮಾತಾಡಿ ತಪ್ಪಿಸಿದೆ!"

ನಾನು ಅವರ ಕಾಲಿಗೆ ಬೀಳುವುದೊಂದು ಬಾಕಿ.

"ಇಂಥ ಮನುಷ್ಯನನ್ನ ಒಣ ಊರಲ್ಲಿ ಇಡಬಾರದು ಅಂದೆ. ಅಂಕೋಲೆಗೇ ಹಾಕಿಸಿದೀನಿ. ಸಮುದ್ರದ ಪಕ್ಕದಲ್ಲೇ ಕಚೇರಿ!"

ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ. ಮತ್ತೇನು ಮಾಡಲಿ?

ಮನೆಗೆ ಹೋಗಿ ಹೇಳಿದಾಗ ನೀಲವ್ವ ಕೂಗಾಡಲಿಲ್ಲ. ನಿಟ್ಟುಸಿರು ಬಿಟ್ಟು, "ಆತು, ನಿಮ್ಮನ್ನ ಒಬ್ಬರನ್ನಽ ಕಳಿಸಿದ್ರ ಮತ್ತೆಲ್ಲರೆ ಮುಳಗ್ತೀರಿ. ನಾನೂ ಬರ್ತೀನಿ," ಎಂದಳು. ಸ್ವಲ್ಪ ಯೋಚಿಸಿ ಕೇಳಿದಳು, "ಅಲ್ಲೆಲ್ಲಾ ಉಪ್ಪನೀರಂತ. ಕುಡಿಯಾಕ ಏನ್ ಮಾಡ್ತಾರ್ರಿ?"

ಮೈಸೂರು ಸರಕಾರವೇ ಒಪ್ಪಿಕೊಂಡ ಸಮುದ್ರ ತಜ್ಞ ನಾನು. ಚಪ್ಪಲಿ ಮೆಟ್ಟಿಕೊಂಡು ಎದ್ದೆ.

"ತಡಿ," ಎಂದೆ, "ಯಾರನ್ನರೆ ಕೇಳಿ ಬರ್ತೀನಿ."