ಬೀದರ ಶಾಖೆಯ ಅರವತ್ತಮೂರು ಸದಸ್ಯರು

ಹೋದ ಡಿಸೆಂಬರಿನಿಂದ ಈ ವರ್ಷದ ಮೇ ಕೊನೆಯವರೆಗೆ ನಡೆದದ್ದಿದು. ನಾನು ಯಾವ ಕೆಲಸವನ್ನೂ ಕ್ರಮ ಬಿಟ್ಟು ಮಾಡುವವನಲ್ಲ. ಅದಕ್ಕೇ ಇಂಥವು ನನಗೆ ಆಗುತ್ತಲೇ ಇರುತ್ತವೆ. ಕ್ರಮವಿಲ್ಲದವರಿಗೆ ಅಪ್ಪಿತಪ್ಪಿಯಾದರೂ ಒಳ್ಳೆಯದಾಗುತ್ತದೆ.

೧. ಆಯ್ಕೆ

ನಾನು ರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ಮನೆ ಬೀದರದ ಚಿದ್ರಿಯಲ್ಲಿ. ಕೆಲಸ ಭಾಲ್ಕಿಯ ಒಂದು ಮಣ್ಣು ಪರೀಕ್ಷೆಯ ಲ್ಯಾಬಿನಲ್ಲಿ. ದಿನಾ ಬಸ್ಸಿನಲ್ಲಿ ಹೋಗಿ ಬರುತ್ತೇನೆ.

ನಾಲ್ಕು ವರ್ಷದ ಹಿಂದೆ ಮೊಬೈಲಿನಲ್ಲಿ ಒಂದು ರಗ್ಬಿ ಪಂದ್ಯ ಕಣ್ಣಿಗೆ ಬಿತ್ತು. ತತ್ತಿಯಾಕಾರದ ಚೆಂಡು. ಎರಡೂ ಕಡೆ ಹದಿನೈದು ಹದಿನೈದು ಜನ. ಒಬ್ಬೊಬ್ಬರೂ ನಮ್ಮ ಲ್ಯಾಬಿನ ಕಬ್ಬಿಣದ ಬೀರುವಿನಷ್ಟು ಅಗಲ. ಇಷ್ಟವಾಯಿತು. ಇಷ್ಟವಾದ ಮೇಲೆ ನನ್ನದೆನ್ನಲು ಒಂದು ತಂಡ ಬೇಕು. ಯುರೋಪ್ ಕಪ್ಪಿನಲ್ಲಿ ಆಡುವ ಕ್ಲಬ್ಬುಗಳನ್ನೆಲ್ಲ ಒಂದು ಹಾಳೆಯಲ್ಲಿ ಬರೆದೆ. ಆರು ಅಂಶ ಗೊತ್ತುಮಾಡಿ ಅಂಕ ಕೊಟ್ಟೆ: ಪಂದ್ಯ ನಮ್ಮ ಊಟದ ಹೊತ್ತಿಗೆ ಮುಗಿಯಬೇಕು, ಕಪ್ ಗೆದ್ದ ಅನುಭವ ಇರಬೇಕು, ಹೀಗೆ. ಅನೇಕ ಸಲ ಕಪ್ ಗೆದ್ದ ಕ್ಲಬ್ಬೊಂದು ಮೊದಲು ಬಂತು. ಕೊನೆಗೆ ಬಂದದ್ದು ಫ್ರಾನ್ಸಿನ ಒಂದು ಸಣ್ಣ ಊರಿನ ಕ್ಲಬ್. ಗಿಳಿ ಹಸಿರು ಅಂಗಿ. ಕಪ್ ಒಮ್ಮೆಯೂ ಗೆದ್ದಿಲ್ಲ.

ಆದರೆ ಆ ಊರಿನ ಫೋಟೊದಲ್ಲಿ ಒಂದು ಹಳೆಯ ಕೋಟೆ ಇತ್ತು. ಅದರ ಗೋಡೆಯ ಸಂದಿನಲ್ಲಿ ನಮ್ಮ ಕೋಟೆಯ ಹಾಗೆಯೇ ಹುಲ್ಲು ಬೆಳೆದಿತ್ತು. ಹಾಳೆಯಲ್ಲಿ ಏಳನೆಯ ಅಂಶ ಸೇರಿಸಿದೆ: ಕೋಟೆ. ಅದಕ್ಕೆ ನೂರು ಅಂಕ ಇಟ್ಟೆ. ಆಯ್ಕೆ ವೈಜ್ಞಾನಿಕವಾಗಿ ಮುಗಿಯಿತು.

ನಾಲ್ಕು ವರ್ಷ ಒಬ್ಬನೇ ಕೂತು ನೋಡಿದೆ. ಸೋತಾಗ ಒಬ್ಬನೇ ಇರುವುದು ಸುಲಭ. ಗೆದ್ದಾಗ ಕಷ್ಟ. ಒಬ್ಬನೇ ಕುಣಿದರೆ ನಡುವೆ ನಾಚಿಕೆ ಬರುತ್ತದೆ. ಡಿಸೆಂಬರಿನಲ್ಲಿ ತಂಡ ಮೊದಲ ಎರಡೂ ಪಂದ್ಯ ಗೆದ್ದಿತು. ಆಗ ನಿಶ್ಚಯಿಸಿದೆ: ಈ ಸಲ ನಮ್ಮವರು ಫೈನಲ್‌ಗೆ ಬಂದರೆ, ನನ್ನ ಪಕ್ಕ ಕೂತು ನೋಡಲು ಒಬ್ಬರಾದರೂ ಬೇಕು. ಡೈರಿಯಲ್ಲಿ ಬರೆದೆ: 'ಬೀದರ ಜಿಲ್ಲೆಯಲ್ಲಿ ಬೆಂಬಲಿಗರು: ೧.'

೨. ಝಂಡಾ

ಮೊದಲು ಧ್ವಜ ಬೇಕು. ಎರಡು ಮೀಟರ್ ಹಸಿರು ಬಟ್ಟೆ ತೆಗೆದುಕೊಂಡು ನಮ್ಮ ಓಣಿಯ ಟೇಲರ್ ಚಾಚಾನ ಅಂಗಡಿಗೆ ಹೋದೆ.

"ಯಾವ ದರ್ಗಾದ ಉರ್ಸ್ ಬೇಟಾ?" ಎಂದು ಕೇಳಿದರು.

"ಉರ್ಸ್ ಅಲ್ರಿ ಚಾಚಾ. ಆಟದ್ದು. ರಗ್ಬಿ."

ಚಾಚಾ ಮಷಿನ್ ನಿಲ್ಲಿಸಿದರು. ಇವರೇ ನನ್ನ ಎರಡನೆಯ ಬೆಂಬಲಿಗ ಆಗಬಹುದು ಎನಿಸಿ ಮೊಬೈಲಿನಲ್ಲಿ ಹಳೆಯ ಪಂದ್ಯವೊಂದನ್ನು ಹಚ್ಚಿ ತೋರಿಸಿದೆ. ಎರಡು ನಿಮಿಷ ನೋಡಿದರು.

"ಚೆಂಡು ಹಿಂದ್ಕ ಯಾಕ ಒಗಿಲತ್ತಾರ?"

"ಅದೇ ಕಾಯ್ದಾ ಅದರಿ. ಕೈಲಿಂದ ಹಿಂದ್ಕೇ ಒಗಿಬೇಕು. ಮುಂದ್ಕ ಒಗದ್ರ ತಪ್ಪು."

"ಮತ್ತ ಹೋಗೋದು ಎಲ್ಲಿಗಿ?"

"ಮುಂದ್ಕರಿ."

ಚಾಚಾ ಕನ್ನಡಕ ಹಣೆಗೇರಿಸಿ ಯೋಚಿಸಿದರು. "ಸಮಝಾ ಬೇಟಾ. ನಮ್ಮ ಸಣ್ಣ ಮಗ ಮೂರು ವರ್ಷ ಆಯ್ತು, ಹತ್ತನೇ ಕ್ಲಾಸಿನಾಗ ಹಿಂಗೇ ಆಡ್ಲತ್ತಾನ."

ಬೆಂಬಲಿಗ ಆಗಲಿಲ್ಲ. ಧ್ವಜ ಮಾತ್ರ ಮರುದಿನವೇ ಕೊಟ್ಟರು. ಸುತ್ತಲೂ ಬಂಗಾರ ಬಣ್ಣದ ಜರಿ ಅಂಚು ಹಚ್ಚಿದ್ದರು. ನಾನು ಹೇಳಿರಲಿಲ್ಲ.

"ಹಸರು ಝಂಡಾಕ್ಕ ಜರಿ ಇಲ್ದೆ ಕೊಡ್ಲಾಕ ಕೈ ಬರಲಿಲ್ಲ ಬೇಟಾ" ಎಂದರು. "ನಿನ್ನ ಆಟ ಸೋತ್ರ ಉರ್ಸ್‌ಗಾದ್ರೂ ಬರ್ತದ."

೩. ಹೊರಗೆ

ಜನವರಿಯ ಪಂದ್ಯ ಶನಿವಾರ ಸಂಜೆ ಐದೂವರೆಗೆ. ಆಗ ನಾನು ಭಾಲ್ಕಿಯಿಂದ ಬೀದರಕ್ಕೆ ಬರುವ ಬಸ್ಸಿನಲ್ಲಿದ್ದೆ. ಕಿವಿಯಲ್ಲಿ ಇಯರ್‌ಫೋನ್, ಕೈಯಲ್ಲಿ ಮೊಬೈಲ್.

ರಗ್ಬಿಯಲ್ಲಿ ಚೆಂಡನ್ನು ಎದುರಾಳಿಯ ಗೆರೆಯ ಆಚೆ ನೆಲಕ್ಕೆ ಒತ್ತಿದರೆ ಐದು ಅಂಕ. ಅದಕ್ಕೆ ಟ್ರೈ ಎನ್ನುತ್ತಾರೆ. ನಮ್ಮ ಆಟಗಾರನೊಬ್ಬ ಅಂಚುಗೆರೆಗುಂಟ ಅರ್ಧ ಮೈದಾನ ಓಡಿ ಒತ್ತಿಬಿಟ್ಟ. ನಾನು ಎದ್ದು ನಿಂತು, ಮೇಲಿನ ಕಂಬಿಯನ್ನು ಧಡಧಡ ಬಡಿದು, "ಹೋಯ್!" ಎಂದು ಕೂಗಿದೆ.

ಕಂಡಕ್ಟರ್ ಸೀಟಿ ಊದಿದ. ಬಸ್ ನಿಂತಿತು.

"ಮೊದಲೇ ಹೇಳಬೇಕಿಲ್ರಿ? ಇಳೀರಿ ಲಗು."

ಎಡಕ್ಕೆ ತೊಗರಿ ಹೊಲ. ಬಲಕ್ಕೆ ಕಬ್ಬು. ಊರೇ ಇಲ್ಲ. ಬಸ್ಸಿನಲ್ಲಿದ್ದವರೆಲ್ಲ ನನ್ನ ಕಡೆ ನೋಡುತ್ತಿದ್ದರು.

"ಹೊಲದಾಗ ಮನಿ ಇರಬೇಕು, ಇಳೀಲಿ ಬಿಡ್ರಿ" ಎಂದು ಒಬ್ಬ ಅಜ್ಜ ನನ್ನ ಪರವಾಗಿ ಹೇಳಿದ.

ವಿವರಿಸಲು ಬಾಯಿ ತೆರೆದೆ. ರಗ್ಬಿಯನ್ನು ಒಂದು ವಾಕ್ಯದಲ್ಲಿ ಹೇಳಲು ಬರುವುದಿಲ್ಲ. ಇಳಿದೆ.

ಬಸ್ ಹೋದ ಮೇಲೆ ಮೊಬೈಲ್ ನೋಡಿದೆ. ಅನುಮಾನ ಬಂದಾಗ ವಿಡಿಯೊ ಹಿಂದೆ ಮುಂದೆ ಮಾಡಿ ತೀರ್ಪು ಹೇಳಲು ಟಿವಿ ರೆಫರಿ ಎಂದು ಒಬ್ಬ ಇರುತ್ತಾನೆ. ಅವನು ಆ ಟ್ರೈ ರದ್ದು ಮಾಡಿದ್ದ. ಓಡುವಾಗ ಆಟಗಾರನ ಕಾಲು ಅಂಚುಗೆರೆಯಿಂದ ಹೊರಗೆ ಬಿದ್ದಿತ್ತಂತೆ. ಅವನು ಮೈದಾನದಿಂದ ಹೊರಗೆ, ನಾನು ಬಸ್ಸಿನಿಂದ ಹೊರಗೆ. ಪಂದ್ಯ ಸೋತೆವು. ಮುಂದಿನ ಬಸ್ ಐವತ್ತು ನಿಮಿಷಕ್ಕೆ ಬಂತು.

೪. ಪುಂಡಿಪಲ್ಯ

ಪ್ರತಿ ಪಂದ್ಯದ ದಿನ ಏನು ಊಟ ಮಾಡಿದೆ ಎಂದೂ ಡೈರಿಯಲ್ಲಿ ಬರೆಯುತ್ತೇನೆ. ಕಾರಣವಿಲ್ಲ, ಡೈರಿಯಲ್ಲಿ ಜಾಗ ಇತ್ತು. ಏಪ್ರಿಲ್‌ನಲ್ಲಿ ತಂಡ ಕ್ವಾರ್ಟರ್‌ಫೈನಲ್‌ಗೆ ಬಂದಾಗ ಹಿಂದಿನ ಪುಟ ತಿರುಗಿಸಿದೆ. ಐದು ಪಂದ್ಯದಲ್ಲಿ ನಾಲ್ಕು ಗೆಲುವು. ಗೆದ್ದ ನಾಲ್ಕೂ ದಿನ ಅವ್ವ ಪುಂಡಿಪಲ್ಯ, ಜೋಳದ ರೊಟ್ಟಿ ಮಾಡಿದ್ದಳು. ಸೋತ ದಿನ ಉಪ್ಪಿಟ್ಟು.

ಐದು ಪಂದ್ಯಗಳಿಂದ ಏನೂ ಸಿದ್ಧವಾಗುವುದಿಲ್ಲ. ಇದು ನನಗೆ ಚೆನ್ನಾಗಿ ಗೊತ್ತು. ಗೊತ್ತಿದ್ದೇ ಅಡುಗೆಮನೆಗೆ ಹೋದೆ.

"ಅವ್ವಾ, ಇವತ್ತ ಪುಂಡಿಪಲ್ಯ ಮಾಡು."

"ನಿನ್ನಿ ಮಾಡೀನಲ್ಲ."

"ಇವತ್ತೂ ಮಾಡು." ಕಾರಣ ಹೇಳಿದೆ.

ಅವ್ವ ಕೈಯ ಹಿಟ್ಟು ಕೊಡವಿದಳು. "ಎಂ.ಎಸ್ಸಿ ತನಕ ಓದ್ಸೀವಿ ನಿನಗ. ಫ್ರಾನ್ಸ್‌ನವ್ರು ಗೆಲ್ಲೋದು ಚಿದ್ರಿ ಪುಂಡಿ ಮ್ಯಾಲ ಅದ ಅಂತೀ?"

"ಹಂಗಲ್ಲ ಅವ್ವಾ. ಇಲ್ಲ ಅನ್ಲಾಕೂ ಬರಲ್ಲ."

ಮಾಡಿದಳು. ಗೆದ್ದೆವು. ಸೆಮಿಫೈನಲ್ ದಿನ ನಾನು ಹೇಳುವ ಮೊದಲೇ ಮಾಡಿಟ್ಟಿದ್ದಳು. ಅದನ್ನು ನೋಡಿ ಆಸೆ ಹುಟ್ಟಿತು. ಪಕ್ಕ ಕೂಡಿಸಿಕೊಂಡೆ. ಎರಡೂ ತಂಡದ ಎಂಟೆಂಟು ಜನ ತಲೆ ಬಗ್ಗಿಸಿ, ಭುಜಕ್ಕೆ ಭುಜ ಹಚ್ಚಿ ನೂಕುತ್ತಿದ್ದರು.

"ಇವ್ರದು ಏನ್ ಕಳದದ?" ಎಂದಳು.

ಸ್ಕ್ರಮ್ ಎಂದರೇನು ಎಂದು ಹತ್ತು ನಿಮಿಷ ತಿಳಿಸಿದೆ. ಎಲ್ಲ ಕೇಳಿದಳು. ಆಮೇಲೆ ಮತ್ತೊಂದು ಸ್ಕ್ರಮ್ ಆಯಿತು.

"ಇನ್ನೂ ಸಿಕ್ಕಿಲ್ಲಾ?" ಎಂದು ಎದ್ದು ಹೋದಳು.

ಆ ದಿನವೂ ಗೆದ್ದೆವು. ಬೆಳಿಗ್ಗೆ ಅವ್ವ ಪಕ್ಕದ ಮನೆಯವರಿಗೆ ಹೇಳುವುದು ಕೇಳಿಸಿತು: "ನಮ್ಮ ಪಲ್ಯಾದ ಮ್ಯಾಲೇ ಅವ್ರು ಫೈನಲ್‌ಗ ಬಂದಾರ್ರಿ. ಪಾಪ, ಅವ್ರ ಊರಾಗ ಪುಂಡಿ ಸಿಗಲ್ಲಂತ."

ಫೈನಲ್ ನೋಡಲು ಕರೆದೆ. ಪಲ್ಯ ಮಾಡಿಕೊಡುತ್ತೇನೆ, ನೋಡುವುದಾಗದು ಎಂದಳು. ಡೈರಿಯಲ್ಲಿ ಬೆಂಬಲಿಗರ ಸಂಖ್ಯೆ ಬದಲಾಗಲಿಲ್ಲ.

೫. ಶಾಖೆ

ಸೆಮಿಫೈನಲ್ ಗೆದ್ದ ಮರುದಿನ ಕ್ಲಬ್ಬಿನ ಅಭಿಮಾನಿ ಸಂಘದ ಪ್ರಕಟಣೆ ಬಂತು. ಹೊರದೇಶದ ಶಾಖೆಗಳು ಊರಿನ ಹೆಸರು, ಸದಸ್ಯರ ಸಂಖ್ಯೆ, ಒಂದು ಗುಂಪು ಫೋಟೊ ಕಳಿಸಬೇಕು. ಫೈನಲ್ ದಿನ ಅರ್ಧ ಆಟದ ಬಿಡುವಿನಲ್ಲಿ ಮೈದಾನದ ದೊಡ್ಡ ಪರದೆಯ ಮೇಲೆ ತೋರಿಸುತ್ತಾರೆ. ಹತ್ತು ಜನರಿಗಿಂತ ಕಡಿಮೆ ಇದ್ದರೆ ಅದು ಶಾಖೆಯಲ್ಲ.

ಆ ಪರದೆಯ ಮೇಲೆ 'ಬೀದರ' ಎಂಬ ಹೆಸರು ಬರುವುದನ್ನು ನಾನು ಕೂತು ನೋಡಬೇಕು. ಆಮೇಲೆ ಬೇರೇನೂ ಯೋಚನೆ ಬರಲಿಲ್ಲ. ಹತ್ತಕ್ಕೆ ಒಂಬತ್ತು ಕಡಿಮೆ ಇದ್ದೆ.

ಔರಾದ ತಾಲೂಕಿನ ಚಿಂತಾಕಿಯಲ್ಲಿ ನನ್ನ ಸೋದರಮಾವ ಇದ್ದಾರೆ. ಅವರಿಗೆ ಅರವತ್ತೆರಡು ಕುರಿ. ಬೇರೆಯವರ ಕುರಿಯೊಂದಿಗೆ ಬೆರೆಯದಿರಲಿ ಎಂದು ಬೆನ್ನಿಗೆ ಗುರುತಿನ ಬಣ್ಣ ಹಚ್ಚುತ್ತಾರೆ. ಮತ್ತೆ ಹಚ್ಚುವ ಸಮಯ ಬಂದಿತ್ತು. ನಾನು ಒಂದು ಡಬ್ಬಿ ಗಿಳಿ ಹಸಿರು ಒಯ್ದೆ.

"ನಮ್ದು ಕೆಂಪು ಅಳಿಯಾ" ಎಂದರು ಮಾಮಾ. "ಹಸರು ಆಚಿ ಓಣಿ ಕಾಕಾಂದು."

"ಕಾಕಾ ಎಲ್ಲಿ ಅದಾರ್ರಿ?"

"ಕುರಿ ಹೊಡ್ಕೊಂಡು ತೆಲಂಗಾಣ ಕಡಿ ಹೋಗ್ಯಾನ. ಮಳಿ ಬಿದ್ದ ಮ್ಯಾಲ ಬರ್ತಾನ."

"ಅಷ್ಟರಾಗ ಬಣ್ಣ ಹೋಗ್ತದ್ರಿ ಮಾಮಾ. ಲ್ಯಾಬಿನಾಗ ಪರೀಕ್ಷಾ ಮಾಡೀನಿ. ಹತ್ತು ದಿನ, ಮುಗೀತು."

ಪರೀಕ್ಷೆ ಮಾಡಿದ್ದು ನಿಜ. ಗಾಜಿನ ಮೇಲೆ ಮಾಡಿದ್ದೆ. ಗಾಜಿಗೆ ಉಣ್ಣೆ ಇರುವುದಿಲ್ಲ.

ಬಣ್ಣ ಹಚ್ಚಿ, ಫೋಟೊ ತೆಗೆದು ಕಳಿಸಿದೆ. ಸದಸ್ಯರು: ಅರವತ್ತಮೂರು. ಅರವತ್ತೆರಡು ಕುರಿ, ಒಬ್ಬ ನಾನು. ಸದಸ್ಯರು ಮನುಷ್ಯರೇ ಆಗಿರಬೇಕೆಂದು ನಿಯಮದಲ್ಲಿ ಎಲ್ಲಿಯೂ ಇರಲಿಲ್ಲ. ಎರಡು ಸಲ ಓದಿ ನೋಡಿದೆ.

ಎರಡೇ ದಿನಕ್ಕೆ ಸಂಘದ ಕಾರ್ಯದರ್ಶಿಯ ಉತ್ತರ ಬಂತು: 'ಬೀದರ ಶಾಖೆಗೆ ಸ್ವಾಗತ. ಸದಸ್ಯರೆಲ್ಲರಿಗೂ ನಮ್ಮ ನಮಸ್ಕಾರ ತಿಳಿಸಿ.'

ಮಾಮಾನಿಗೆ ಫೋನ್ ಮಾಡಿ ಓದಿ ಹೇಳಿದೆ. ಅವರು ಫೋನ್ ಕಿವಿಯಲ್ಲಿಟ್ಟುಕೊಂಡೇ ದೊಡ್ಡಿಯ ಕಡೆ ತಿರುಗಿ ತಿಳಿಸಿದರು.

೬. ಫೈನಲ್

ಫೈನಲ್ ನಮ್ಮ ಲೆಕ್ಕದಲ್ಲಿ ಶನಿವಾರ ಸಂಜೆ ಏಳೂಕಾಲಿಗೆ. ಚಿಂತಾಕಿಯಲ್ಲಿ ನೋಡುವುದೆಂದು ಗೊತ್ತಾಯಿತು, ಏಕೆಂದರೆ ಮಾಮಾ ಪಕ್ಕ ಕೂತು ನೋಡಲು ಒಪ್ಪಿದ್ದರು. ಐದು ತಿಂಗಳ ಹುಡುಕಾಟದಲ್ಲಿ ಸಿಕ್ಕ ಒಬ್ಬರು.

ನಾಲ್ಕಕ್ಕೇ ಹೋಗಿ ಎಲ್ಲ ಸಿದ್ಧ ಮಾಡಿದೆ. ಪಡಸಾಲೆಯ ಗೋಡೆಗೆ ಜರಿ ಅಂಚಿನ ಧ್ವಜ. ಹಿಟ್ಟಿನ ಡಬ್ಬಿಗೆ ಒರಗಿಸಿ ಮೊಬೈಲ್, ಅದಕ್ಕೆ ಚಾರ್ಜರ್. ಎದುರಿಗೆ ಕೌದಿ. ತಟ್ಟೆಯಲ್ಲಿ ಅವ್ವ ಕಟ್ಟಿಕೊಟ್ಟ ಪುಂಡಿಪಲ್ಯ.

ಆಟ ಶುರುವಾಗಿ ಹತ್ತು ನಿಮಿಷ ಆಗಿತ್ತು. ಹೊರಗೆ ಗದ್ದಲ.

"ಬಾ ಅಳಿಯಾ ಹೊರಗ" ಎಂದರು ಮಾಮಾ. "ನಿನ್ನ ಸದಸ್ಯರು ಹೆಚ್ಚಾಗ್ಯಾರ."

ಆಚೆ ಓಣಿಯ ಕಾಕಾ ಮಳೆಗೆ ಕಾಯದೆ ಅದೇ ವಾರ ಊರಿಗೆ ಬಂದಿದ್ದರು. ಅವರ ನಲವತ್ತೇಳು ಕುರಿ ಕೆರೆಯ ಹತ್ತಿರ ಮಾಮಾನ ಕುರಿಯೊಂದಿಗೆ ಕೂಡಿಕೊಂಡು ಬಂದಿದ್ದವು. ಅಂಗಳದ ತುಂಬ ಹಸಿರು ಬೆನ್ನು. ನನ್ನ ಬಣ್ಣ ಒಂದು ಚೂರೂ ಮಾಸಿರಲಿಲ್ಲ.

"ಯಾವಾಂವ ಹಚ್ಚಿದ್ದು ಇದು?" ಎಂದರು ಕಾಕಾ.

ಮಾಮಾ ನನ್ನ ಕಡೆ ಕೈ ಮಾಡಿದರು. "ಎಂ.ಎಸ್ಸಿ ಮಾಡ್ಯಾನ."

ಎಲ್ಲ ಕುರಿಗೂ ಸುಣ್ಣದಿಂದ ನಂಬರು ಬರೆದು ವಿಂಗಡಿಸೋಣ ಎಂದೆ. ನಾನು ಸುಣ್ಣ ಹುಡುಕಿ ತರುವಷ್ಟರಲ್ಲಿ ಅವರಿಬ್ಬರೂ ಅಂಗಳದ ಎರಡು ತುದಿಗೆ ನಿಂತು ಒಂದೊಂದು ಕೂಗು ಹಾಕಿದ್ದರು. ಕುರಿಗಳು ತಮ್ಮ ತಮ್ಮ ಧಣಿಯ ಕಡೆ ಹೋಗಿ ನಿಂತಿದ್ದವು.

ನಡುವೆ ಒಂದು ಉಳಿದಿತ್ತು. ಎಣಿಸಿದೆವು. ಒಟ್ಟು ನೂರಾ ಒಂಬತ್ತು ಇರಬೇಕು, ಇದ್ದದ್ದು ನೂರಾ ಎಂಟು. ಇಬ್ಬರಿಗೂ ಒಂದೊಂದು ಕಡಿಮೆ. ಮಾಮಾ ಫೋಟೊಕ್ಕೆ ಸ್ವಲ್ಪ ಮುಂಚೆ, ಕಾಕಾ ಊರಿಗೆ ಬಂದ ದಿನ, ಔರಾದಿನ ಒಬ್ಬನೇ ವ್ಯಾಪಾರಿಯ ಹತ್ತಿರ ಒಂದೊಂದು ಕುರಿ ಕೊಂಡಿದ್ದರು. ಎರಡೂ ಕರಿ ಮುಖದವು, ಯಾರ ಕೂಗನ್ನೂ ಇನ್ನೂ ಕಲಿತಿರಲಿಲ್ಲ. ಒಂದು ಇಲ್ಲಿದೆ, ಒಂದು ಇಲ್ಲ. ಇದ್ದದ್ದು ನನ್ನದು ಎಂದು ಇಬ್ಬರೂ ಹೇಳಿದರು.

"ನೀನೇ ಹೇಳಪ್ಪಾ" ಎಂದರು ಕಾಕಾ. "ಓದಿದಾಂವ ಇದ್ದಿ."

ನಾನು ಟಿವಿ ರೆಫರಿಯಾದೆ. ಮೊದಲು ಇಬ್ಬರಿಂದಲೂ ಕರೆಸಿದೆ. ಕುರಿ ನನ್ನ ಕಡೆ ನೋಡಿತು. ಇಬ್ಬರಿಂದಲೂ ಮೇವು ಹಿಡಿಸಿದೆ. ಎರಡೂ ಕಡೆ ತಿಂದಿತು. ನಡುವೆ ಬಿಟ್ಟು ದೂರ ಸರಿದು ನಿಂತೆವು. ಮಲಗಿಬಿಟ್ಟಿತು. ಪ್ರತಿಯೊಂದನ್ನೂ ಮೂರು ಮೂರು ಸಲ ಮಾಡಿಸಿದೆ.

ಒಳಗಿನಿಂದ ಮೈದಾನದ ಕೂಗು ಕೇಳುತ್ತಿತ್ತು. ನಮ್ಮವರು ಗೆಲ್ಲುತ್ತಿದ್ದಾರೋ ಸೋಲುತ್ತಿದ್ದಾರೋ ತಿಳಿಯದು. ಫ್ರೆಂಚಿನಲ್ಲಿ ಎರಡೂ ಒಂದೇ ಥರ ಕೇಳುತ್ತವೆ.

"ಒಂದ್ ನಿಮಿಷ ಒಳಗ ಹೋಗಿ ಬರ್ತೇನ್ರಿ."

"ನ್ಯಾಯ ನಡುವ ಬಿಟ್ಟು ಹೋಗ್ತಾರೇನು?" ಎಂದರು ಕಾಕಾ.

ಒಂದೂವರೆ ತಾಸಾದ ಮೇಲೆ ಕುರಿ ಮಾಮಾನದು ಎಂದು ತೀರ್ಪು ಕೊಟ್ಟೆ.

"ಮಾಮಾನ ಮನ್ಯಾಗ ಉಣ್ಣಾಂವ ಮತ್ತೇನು ಹೇಳ್ತೀ" ಎಂದು ಕಾಕಾ ಟವೆಲ್ ಕೊಡವಿದರು.

ಆಗ ಒಳಗಿನಿಂದ ಮಾಮಾನ ಹೆಂಡತಿ, ನಮ್ಮ ಅತ್ತಿ, ಕೂಗಿದರು: "ಒಂದು ಕುರಿ ಇಲ್ಲೇ ಕುಂತದಲ್ರಿ! ಆಗಿಂದ ಏನು ಹುಡುಕ್ಲತ್ತೀರಿ?"

ನಿಜವೆಂದರೆ ನಾವು ಹುಡುಕಿಯೇ ಇರಲಿಲ್ಲ. ಓಡಿದೆವು. ಕೌದಿಯ ಮೇಲೆ, ನನ್ನ ಜಾಗದಲ್ಲಿ, ಕರಿ ಮುಖದ ಕುರಿ ಕಾಲು ಮಡಚಿ ಕೂತಿತ್ತು. ತಟ್ಟೆ ತೊಳೆದ ಹಾಗಿತ್ತು. ಗೋಡೆಯ ಮೇಲೆ ಧ್ವಜದ ಜರಿ ಅಂಚು ಮಾತ್ರ ನೇತಾಡುತ್ತಿತ್ತು. ಕುರಿ ಮೆಲುಕು ಹಾಕುತ್ತ ಮೊಬೈಲನ್ನೇ ನೋಡುತ್ತಿತ್ತು. ಮೊಬೈಲಿನಲ್ಲಿ ಗಿಳಿ ಹಸಿರು ಅಂಗಿಯವರು ಕಪ್ ಎತ್ತಿಕೊಂಡು ಅಳುತ್ತಿದ್ದರು.

ಕಾಕಾ ಒಳಗಿನ ಕುರಿಯನ್ನು ನೋಡಿದರು. ಹೊರಗಿನದನ್ನು ನೋಡಿದರು. "ಎರಡೂ ಒಂದೇ ಮಾಲು. ನಿನಗೊಂದು, ನನಗೊಂದು" ಎಂದು ಹೊರಗಿನದನ್ನು ಹೊಡೆದುಕೊಂಡು ಹೋದರು.

ಬೆಳಿಗ್ಗೆ ಸಂಘದ ಕಾರ್ಯದರ್ಶಿ ಬರೆದಿದ್ದರು: 'ಬೀದರ ಪರದೆಯ ಮೇಲೆ ಬಂದಾಗ ಇಡೀ ಮೈದಾನ ಎದ್ದು ಚಪ್ಪಾಳೆ ತಟ್ಟಿತು. ನೀವು ನೋಡಿರಬೇಕು. ನಿಮ್ಮ ಶಾಖೆಯಲ್ಲಿ ಎಷ್ಟು ಸದಸ್ಯರು ಫೈನಲ್ ನೋಡಿದರು? ವಾರ್ಷಿಕ ವರದಿಗೆ ಬೇಕು.'

ಏನು ಬರೆಯಲಿ ಎಂದು ಮಾಮಾನನ್ನು ಕೇಳಿದೆ.

"ಆಗಿದ್ದೇ ಬರಿ" ಎಂದರು.

ಬರೆದೆ. ಒಟ್ಟು ಸದಸ್ಯರು: ಅರವತ್ತಮೂರು. ಫೈನಲ್ ನೋಡಿದ್ದು: ಒಂದು.