ಬದುವಿನ ಮೇಲಿನ ಆರೋಪಿ

ನಮ್ಮ ಕಾಕಾ ದೇವರನ್ನು ನಂಬುತ್ತಾರೆ. ಆದರೆ ತೀರ್ಥವನ್ನು ಮಾತ್ರ ಮೂಸಿ ನೋಡದೆ ಕುಡಿಯುವುದಿಲ್ಲ! ಸೂಡಿಯಿಂದ ಗಜೇಂದ್ರಗಡಕ್ಕೆ ಬಸ್ಸು ಹತ್ತಿದರೆ ಟಿಕೆಟ್ಟಿನ ಎರಡೂ ಬದಿ ಓದಿ, ಕಂಡಕ್ಟರನ ಮುಖವನ್ನೂ ಒಮ್ಮೆ ಓದಿ ಆಮೇಲೆ ಕೂರುವ ಮಹಾನುಭಾವರು.

ಹೋದ ವರ್ಷ ಅವರ ಎದೆ ತಕರಾರು ತೆಗೆಯಿತು. ದಿನಾ ಎರಡು ಮೈಲು ನಡೆಯದಿದ್ದರೆ ಜೀವಕ್ಕೆ ಅಪಾಯವೆಂದರು ಡಾಕ್ಟರು. ಕಾಕಾ ಮನೆಗೆ ಬಂದು ಮಂಚ ಹಿಡಿದರು.

"ನಿನಗ ತಿಳಿಯೂದಿಲ್ಲ! ಆ ಡಾಕ್ಟರಗೂ ಚಪ್ಪಲಿ ಅಂಗಡ್ಯಾವಗೂ ಒಳಗಿಂದೊಳಗ ಮಾತಾಗೇತಿ!"

ಅವರ ಹೆಂಡತಿ, ನಮ್ಮ ಚಿಗವ್ವ, ಅತ್ತಳು, ಬೈದಳು, ಉಪವಾಸ ಕೂತಳು. ಉಪವಾಸದ ಮೇಲೂ ಅವರಿಗೆ ಸಂಶಯ! ತಿಂಗಳಾದರೂ ಹೊಸ್ತಿಲು ದಾಟಲಿಲ್ಲ. ಕೊನೆಗೊಂದು ದಿನ ಅವಳು ರೊಟ್ಟಿ ಬಡಿಯುತ್ತ ಅಂದಳು:

"ಹೊಲದ ಬದುವಿನ ಮ್ಯಾಲೆ ಏನೋ ಹೊಸಾ ಕಸ ಎದ್ದೈತಿ. ಬಾಜೂ ಹೊಲದ ಕಡೆ ಒಂದೂ ಇಲ್ರಿ."

ಕಾಕಾ ಎದ್ದು ಕೂತರು. ಮರುದಿನ ಹೊಲದಲ್ಲಿದ್ದರು!

ಆರೋಪಿ ಗೇಣುದ್ದವೂ ಇರಲಿಲ್ಲ. ಮಳೆಗೆ ಹುಟ್ಟಿ ಬೇಸಿಗೆಗೆ ಸಾಯುವ, ಕುಚ್ಚುಕುಚ್ಚಾಗಿ ಬೆಳೆಯುವ ಬಡಪಾಯಿ ಗಿಡ; ಎಲೆ ತುಂಬ ಮೆತ್ತನೆಯ ಕೂದಲು.

"ಎಲಿಗೆ ಕೂದಲ ಯಾಕ ಬೇಕು? ಏನೋ ಮುಚ್ಚಿಡಾಕತ್ತೈತಿ!" ಎಂದು ತೀರ್ಪಿತ್ತು, ಬಾಜೂ ಹೊಲದ ಬಾಲ್ಯದ ಗೆಳೆಯನತ್ತ ಕೂಗಿದರು: "ಖರೇ ಹೇಳಲೇ, ಇದು ನಿಂದ ಕೆಲಸ ಹೌದಲ್ಲೋ?"

"ಹೌದಲೇ! ಏನ್ ಮಾಡ್ತಿ? ನಾಳಿ ಇನ್ನಷ್ಟ ಇರ್ತಾವು, ಬಂದು ನೋಡು!"

ಇದ್ದವು! ಕಿತ್ತಷ್ಟೂ ಇದ್ದವು. ಕಾಕಾ ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಹೊಲಕ್ಕೆ ನಡೆದು ಪಂಚನಾಮೆ ನಡೆಸಿದರು. ಸಂಶಯ ಅಂಟುರೋಗ ನೋಡಿ, ನನಗೂ ತಗುಲಿತು. ರಾತ್ರಿ ಕಳೆಯುವುದರಲ್ಲಿ ಗಿಡ ಇಷ್ಟು ದೊಡ್ಡದಾಗುವುದುಂಟೆ? ಒಂದು ನಸುಕಿನಲ್ಲಿ ನಾನೇ ಹೋಗಿ ನೋಡಿದೆ.

ಬದುವಿನ ಮೇಲೆ ಚಿಗವ್ವ ಕುಕ್ಕರುಗಾಲಲ್ಲಿ ಕೂತು ಗಿಡ ನೆಡುತ್ತಿದ್ದಳು! ತಮ್ಮ ಹೊಲದಿಂದ ಬೇರುಸಮೇತ ಎಬ್ಬಿಸಿ ತಂದ ಗಿಡಗಳನ್ನು ಬುಟ್ಟಿಯಿಂದ ಒಂದೊಂದಾಗಿ ಕೊಡುತ್ತಿದ್ದವರು, ಸಾಕ್ಷಾತ್ ಬಾಜೂ ಹೊಲದವರು. ಕಾಕಾನ ಸಂಶಯ ಜನ್ಮದಲ್ಲಿ ಮೊದಲ ಬಾರಿಗೆ ಖರೇ ಆಗಿತ್ತು!

"ಕೀಳಾಕರ ನಡಕೊಂತ ಬರ್ತಾರಲ್ಲಪಾ," ಎಂದಳು ಚಿಗವ್ವ, ನನ್ನ ಮುಖ ನೋಡದೆ. ಆಮೇಲೆ ಕೈಯಲ್ಲಿದ್ದ ಎಲೆಯನ್ನು ಸವರಿದಳು. "ಬ್ಯಾಸಗಿಗೆ ಇವು ಒಣಗಿ ಹೋಗ್ತಾವು. ಮುಂದ ಹ್ಯಾಂಗ?"

ಬಾಜೂ ಹೊಲದವರು ಬುಟ್ಟಿ ಕೊಡವಿ ಎದ್ದರು.

"ಹೆದರಬ್ಯಾಡ್ರಿ ವೈನಿ. ಬ್ಯಾಸಗ್ಯಾಗ ನಾ ದಿನಾ ಬದುವಿನ ಕಲ್ಲ ಸರಸ್ತೀನಿ."