ಆರುನೂರ ಒಂದನೆಯ ಟಗರು

ಝಹ್ರಾನ್ ಆ ದಿನ ಮೊದಲು ಮನೆಗೆ ಹೋಗಿ ಟಗರನ್ನು ಇಳಿಸಿದ್ದರೆ ಇಷ್ಟೆಲ್ಲ ಆಗುತ್ತಿರಲಿಲ್ಲ. ಹಾಜರಿ ಹಾಕಿ ಐದೇ ನಿಮಿಷದಲ್ಲಿ ಹೊರಟರಾಯಿತೆಂದು ಪಿಕಪ್ಪನ್ನು ನೇರ ಬಂದರಿಗೇ ತಂದ.

ಟಗರು ಬೆಟ್ಟದ ಮೇಲಿನ ಮಾವ ಮುಸಲ್ಲಮ್ ಖರ್ಜೂರ ತಿನ್ನಿಸಿ ಸಾಕಿದ್ದು. ಝಹ್ರಾನನ ಮಗಳು ಹುಟ್ಟಿ ನಾಳೆಗೆ ಏಳನೆಯ ದಿನ. ಮಗು ಹುಟ್ಟಿದ್ದಕ್ಕೆ ಟಗರು ಕೊಯ್ದು ಹಾಕುವ ಅಕೀಕಾದ ಊಟಕ್ಕೆ ಮಾವ ಬೆಟ್ಟದವರನ್ನೆಲ್ಲ ಕಟ್ಟಿಕೊಂಡು ಬರುವವರು. "ಮೊಮ್ಮಗಳಿಗೆ ನನ್ನ ಟಗರೇ ಆಗಬೇಕು. ಒಂದು ದಿನ ಕಾಯೋದಷ್ಟೇ ನಿನ್ನ ಕೆಲಸ. ಅಷ್ಟಾದ್ರೂ ಆಗುತ್ತೇನಪ್ಪಾ?" ಎಂದು ಕೇಳಿಯೇ ಹಗ್ಗ ಕೊಟ್ಟಿದ್ದರು.

ಒಮಾನಿನ ಆ ಬಂದರಿನಲ್ಲಿ, ಸಮುದ್ರದಾಚೆಯ ಬರ್ಬರಾದಿಂದ ಬಂದ ಹಡಗು ನಿಂತಿತ್ತು. ಅದರೊಳಗಿನ ಆರುನೂರು ಕುರಿಗಳು ಇಳಿಹಲಗೆಯನ್ನು ನೋಡಿ, ಚಳಿಗಾಲದಲ್ಲಿ ತಣ್ಣೀರು ಕಂಡ ಮಕ್ಕಳಂತೆ ಹಿಂದೆ ಸರಿಯುತ್ತಿದ್ದವು.

ಮೇಸ್ತ್ರಿ ಜುಮಾನ್ ಓಡಿ ಬಂದ. "ಝಹ್ರಾನ್, ನಿನ್ ಟಗರು ಐದು ನಿಮಿಷ ಕೊಡು ಮಾರಾಯ. ಅದು ಮುಂದೆ ನಡೆದ್ರೆ ಇವು ಹಿಂದೆ ಬರ್ತಾವೆ."

"ಇದು ಮಾವಂದು..."

"ತಿನ್ನೋದಿಲ್ಲಪ್ಪ, ನಡೆಸ್ತೀನಿ ಅಷ್ಟೆ!"

ಇಲ್ಲ ಎನ್ನುವ ಮಾತು ಝಹ್ರಾನನ ಬಾಯಿಂದ ಇಂದಿನವರೆಗೂ ಹೊರಟಿರಲಿಲ್ಲ. ಟಗರು ಗತ್ತಿನಿಂದ ಹಡಗು ಹತ್ತಿತು, ಅಷ್ಟೇ ಗತ್ತಿನಿಂದ ಇಳಿಯಿತು. ಮದುವೆ ಊಟಕ್ಕೆ ಕರೆ ಬಂದ ನೆಂಟರಂತೆ ಆರುನೂರೂ ಹಿಂದೆ ಬಂದು ದೊಡ್ಡಿ ಸೇರಿದವು. ಕೂಲಿಯವರು ಚಪ್ಪಾಳೆ ತಟ್ಟಿದರು. ಜುಮಾನ್ ಎಲ್ಲವನ್ನೂ ಫೋನಿನಲ್ಲಿ ಹಿಡಿದ. ಪಶುವೈದ್ಯೆ ನಸ್ರಾ ಬಾಗಿಲು ಜಡಿದರು.

"ಡಾಕ್ಟ್ರೇ, ಒಂದು ನಮ್ಮದು..."

"ಹೊರಗಿನ ಕುರಿ ಜೊತೆ ಬೆರೆತದ್ದೆಲ್ಲ ಹೊರಗಿನದೇ. ರೋಗ ಇಲ್ಲ ಅಂತ ಗೊತ್ತಾಗೋವರೆಗೆ ಇಪ್ಪತ್ತೊಂದು ದಿನ. ಗೋಡೆ ಮೇಲೆ ಈ ನಿಯಮ ಬರೆದಿದ್ದು ಯಾರು?"

"ನಾನೇ," ಎಂದ ಗುಮಾಸ್ತ ಝಹ್ರಾನ್.

"ಅಕ್ಷರ ಚೆನ್ನಾಗಿದೆ. ಓದಿ."

ಕಾಗದದಲ್ಲಿ ಆರುನೂರು, ದೊಡ್ಡಿಯಲ್ಲಿ ಆರುನೂರ ಒಂದು. ಟಗರಿನ ಕಿವಿಗೆ ೬೦೧ ಎಂಬ ಬಿಲ್ಲೆ ಬಿತ್ತು.

"ಏಳನೇ ದಿನ ತಪ್ಪಿದ್ರೆ ಹದಿನಾಲ್ಕಕ್ಕೆ, ಅದೂ ತಪ್ಪಿದ್ರೆ ಇಪ್ಪತ್ತೊಂದಕ್ಕೆ ಮಾಡಬಹುದಲ್ಲೋ," ಎಂದು ಜುಮಾನ್ ಸಮಾಧಾನ ಹೇಳಿದ. ಝಹ್ರಾನ್ ಬೆರಳು ಮಡಿಚಿ ಎಣಿಸಿದ. ಟಗರು ಹೊರಬರುವಾಗ ಮಗಳಿಗೆ ಇಪ್ಪತ್ತೇಳು ದಿನ. ಅಷ್ಟರೊಳಗೆ ಮಾವ ಅವನ ತೊಗಲು ಸುಲಿದು ಒಣಗಹಾಕಿರುತ್ತಿದ್ದರು.

ಅವನ ಮುಖ ನೋಡಲಾಗದೆ ನಸ್ರಾ ಮೇಲಿನ ಕಚೇರಿಗೆ ಫೋನು ಮಾಡಿದರು. ಮಧ್ಯಾಹ್ನದ ನಮಾಜಿನ ನಂತರ ಉತ್ತರ ಬಂತು: ಲೆಕ್ಕಕ್ಕಿಂತ ಹೆಚ್ಚಾದ ಪ್ರಾಣಿಯನ್ನು ಹಡಗಿಗೆ ವಾಪಸು ಹತ್ತಿಸಿ, ಅದು ಒಮಾನಿನದೇ ಎಂದು ಕಪ್ತಾನ ಬರೆದುಕೊಟ್ಟರೆ, ರಕ್ತ ಪರೀಕ್ಷಿಸಿ ಸಂಜೆಗೆ ಬಿಡಬಹುದು.

"ಅಲ್ಲಾಹ್ ದೊಡ್ಡವನು!" ಎಂದು ಝಹ್ರಾನ್ ಕಣ್ಣೊರೆಸಿಕೊಂಡ. ಜುಮಾನ್ ಬಾಗಿಲು ತೆರೆದ. ಟಗರು ಹಗ್ಗದ ಹಿಂದೆ ಗಂಭೀರವಾಗಿ ಹಲಗೆ ಏರಿತು. ಅರ್ಧ ದಾರಿಯಲ್ಲಿ ಝಹ್ರಾನನ ಬೆನ್ನಿಗೆ ಗುಡುಗಿನಂಥ ಸದ್ದು. ತಿರುಗಿ ನೋಡಿದರೆ ಆರುನೂರೂ ಬರುತ್ತಿವೆ.

"ಬಾಗಿಲು ಹಾಕೋ!" ಎಂದು ನಸ್ರಾ ಕೂಗುವಷ್ಟರಲ್ಲಿ ಜುಮಾನ್ ಕುರಿಗಳ ನಡುವೆ ಟೋಪಿಯಾಗಿ ಮಾತ್ರ ಕಾಣುತ್ತಿದ್ದ.

"ಇಳಿಸಿ, ಇಳಿಸಿ! ಮೇವು ನೀರು ಎಲ್ಲ ಖಾಲಿ!" ಎಂದು ಕಪ್ತಾನ ವರ್ಸಮೆ ತಲೆ ಚಚ್ಚಿಕೊಂಡ.

ಇಳಿಸಲು ಇದ್ದದ್ದು ಒಂದೇ ಟಗರು. ಬಿಸಿಲಿನಲ್ಲಿ ಏದುತ್ತಿದ್ದ ಮೂಕ ಜೀವಗಳನ್ನು ನೋಡಿ ಝಹ್ರಾನನಿಗೆ ಬೇರೆ ದಾರಿ ತೋಚಲಿಲ್ಲ. ತಾನೇ ಹಗ್ಗ ಹಿಡಿದು ದೊಡ್ಡಿಯವರೆಗೂ ನಡೆಸಿ, ಬಾಗಿಲ ಚಿಲಕವನ್ನೂ ತಾನೇ ಹಾಕಿದ. ಮತ್ತೆ ಅದನ್ನು ತೆರೆಯಲು ನಸ್ರಾ ಒಪ್ಪಲಿಲ್ಲ.

ಆಗ ಮಾವನ ಫೋನು ಬಂತು. "ಜುಮಾನ್ ಕಳಿಸಿದ ವಿಡಿಯೋ ನೋಡ್ದೆ ಕಣೋ, ದೊಡ್ಡೀಲಿ ಸಿಕ್ಕಿಕೊಂಡಿದ್ದೂ ಗೊತ್ತಾಯ್ತು," ಎಂದರು. "ಆರುನೂರು ಕುರಿ ನನ್ನ ಟಗರಿನ ಹಿಂದೆ! ಅಂಥದಕ್ಕೆ ಕತ್ತಿ ಹಚ್ಚೋಕೆ ಕೈ ಬರುತ್ತಾ? ಎಷ್ಟು ದಿನ ಬೇಕಾದ್ರೂ ಇರಲಿ ಬಿಡು."

ಝಹ್ರಾನನಿಗೆ ಹೋದ ಜೀವ ಬಂತು. "ನಿಮ್ಮಂಥ ಮಾವನ್ನ ಪಡೆಯೋಕೆ ಪುಣ್ಯ ಮಾಡಿರಬೇಕು!"

"ಅದಿರಲಿ. ನಾಳೆ ನೂರಿಪ್ಪತ್ತು ಜನ ಬರ್ತೀವಿ. ಬೇರೆ ಒಂದು ಟಗರು ತಂದಿಡು."

"ಮಾವಾ, ಊರಿನ ಸಂತೇಲಿ ಒಂದು ಮರಿನೂ ಇಲ್ಲ. ಎಲ್ಲರೂ ಈ ಹಡಗನ್ನೇ ಕಾಯ್ತಾ ಇದ್ರು."

"ಹಡಗು ಬಂತಲ್ಲ, ಮತ್ತೇನು?" ಎಂದು ಮಾವ ಫೋನಿಟ್ಟರು.

ಝಹ್ರಾನ್ ಬೇಲಿಗೆ ಹಣೆ ಒತ್ತಿ ನಿಂತ. ಒಳಗೆ ಆರುನೂರ ಒಂದು ಪ್ರಾಣಿಗಳು ಮೆಲುಕು ಹಾಕುತ್ತ ಅವನನ್ನೇ ನೋಡುತ್ತಿದ್ದವು.